ರೆಸಿನ್ ಸುರಿಯುವ ಮೊದಲು

"ನನ್ನ ಕೆಲಸ ಬಿಡಿಸಿದಾಂವ ನೀನಽ ಏನು?"

ಧಾರಾವಿಯ ಟೇಬಲ್ ವರ್ಕ್‌ಶಾಪಿನ ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು. ಒಳಗೆ ರೆಸಿನ್ ಅಂಟು ಕಲೆಸುತ್ತಿದ್ದ ಶಿವಪುತ್ರ ತಲೆ ಎತ್ತಲಿಲ್ಲ.

"ಹೌದು. ಸೇಠ್‌ಗೆ ನಾನಽ ಹೇಳೀನಿ."

ಟೇಬಲ್ಲಿನ ಹಲಗೆಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನುಣುಪು ಮಾಡುವುದು ಅವಳ ಕೆಲಸ, ಅದರ ಮೇಲೆ ರೆಸಿನ್ ಸುರಿಯುವುದು ಅವನದು. ಧೂಳಿನ ಒಂದು ಕಣ ಉಳಿದರೂ ಗಟ್ಟಿಯಾಗಿ ಗಾಜಿನಂತಾಗುವ ರೆಸಿನ್ನಿನೊಳಗೆ ಅದು ಸದಾ ಕಾಣುತ್ತದೆ. ಹಾಗಾಗಿ ಒರೆಸಿದ ಹಲಗೆಯ ಮೇಲೆ ಇಬ್ಬರೂ ಬಾಗಿ, ಬಲ್ಬಿನ ಬೆಳಕಲ್ಲಿ ಹುಡುಕುತ್ತಿದ್ದರು.

"ಇಲ್ಲೊಂದು ಐತಿ ನೋಡು," ಎನ್ನುತ್ತಿದ್ದ ಅವನು.

"ಎಲ್ಲೈತಿ?" ಅವಳು ಇನ್ನಷ್ಟು ಹತ್ತಿರ ಬಾಗುತ್ತಿದ್ದಳು.

ಹಲಗೆಯ ಮೇಲೆ ಏನೂ ಇರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಈ ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿತು. ಮಾಸ್ಕ್ ಕಟ್ಟಿದರೂ ನಿಲ್ಲಲಿಲ್ಲ. ಮರದ ಧೂಳು ಎದೆಗೆ ಇಳಿದಿದೆ, ಈ ಕೆಲಸ ಬಿಡಲೇಬೇಕು ಎಂದರು ಡಾಕ್ಟರ್. ಅವಳು ಯಾರಿಗೂ ಹೇಳದೆ ಮತ್ತೆ ಹಲಗೆ ಉಜ್ಜಲು ಬಂದಳು. ಡಾಕ್ಟರ್ ಹತ್ತಿರ ಜೊತೆಗೆ ಬಂದಿದ್ದ ಸೋದರತ್ತೆ ಮಲ್ಲವ್ವ ಮಾತ್ರ ಶಿವಪುತ್ರನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟಿದ್ದಳು.

"ನಾ ಬ್ಯಾಡಾಗಿದ್ರ ನನಗಽ ಹೇಳಬೇಕಿತ್ತು," ಎಂದಳು ಮಹಾದೇವಿ.

"ಬ್ಯಾಡಂತ ಯಾರಂದ್ರು?" ಅವನು ಕಲೆಸುವುದನ್ನು ನಿಲ್ಲಿಸಿದ. "ನೀ ಉಸಿರಿಗೆ ಒದ್ದಾಡೂದು ನೋಡಾಕ ಆಗವಲ್ದು ನನಗ. ನೀ ನನ್ನ ಮಗ್ಗಲಾಗ ಇರದಿದ್ರೂ ಚಿಂತಿಲ್ಲ, ಮಾದೇವಿ. ಇರಬೇಕು ನೀ."

ಅವಳು ಹೊಸ್ತಿಲ ಮೇಲೆ ಕೂತಳು. ಸಿಟ್ಟೆಲ್ಲ ಇಳಿದುಹೋಗಿತ್ತು.

"ಊರಾಗ ಹೊಲಿಗಿ ಕಲೀತೀನಿ. ನೀನೂ ಬಂದ್ಬಿಡು."

"ನಮ್ಮವ್ವಂದು ಡಯಾಲಿಸಿಸ್ ಇಲ್ಲೇ ನಡದೈತಿ. ಆಕೀನ ಹ್ಯಾಂಗ ಬಿಟ್ಟ ಬರ್ಲಿ?"

ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವನು ಬಂದೇಬಿಡುತ್ತಿದ್ದನೇನೋ ಎಂಬ ಭಯ ಅವಳಿಗೆ.

ಭಾನುವಾರ ದಾದರ್ ಸ್ಟೇಷನ್ನಿನಲ್ಲಿ ವಿಜಯಪುರದ ಗಾಡಿಗೆ ಕಾಯುತ್ತಿದ್ದಳು. ಶಿವಪುತ್ರ ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು ಬಂದಿದ್ದ. ಬಂದವನು ದೂರದಲ್ಲೇ ನಿಂತ.

"ಅಲ್ಲ್ಯಾಕ ನಿಂತಿ?"

"ಎಷ್ಟು ತೊಳಕೊಂಡ್ರೂ ಕೂದಲದಾಗ ಧೂಳು ಉಳೀತೈತಿ. ನಿನಗ ಕೆಮ್ಮು ಬರತೈತಿ."

ಮಹಾದೇವಿ ನಾಲ್ಕು ಹೆಜ್ಜೆ ನಡೆದು ಬಂದು ಅವನ ತೋಳು ಹಿಡಿದಳು. ಅಷ್ಟೊಂದು ಜನರ ನಡುವೆ ಅವನ ಎದೆಗೆ ಹಣೆ ಹಚ್ಚಿದಳು.

"ಬಂದ್ರ ಬರ್ಲಿ."

ಕೆಮ್ಮು ಬಂತು. ಕೆಮ್ಮುತ್ತಲೇ ಅವನನ್ನು ಹಿಡಿದು ನಿಂತಳು, ಗಾಡಿ ಬರುವವರೆಗೂ.