ನೆಕ್ಕಿಯ ಮದ್ದು

“ಪ್ರೇಬಾವತಿ!”

ಹಿಂದಿನ ಬೆಂಚಿನಲ್ಲಿ ಹನೀಫಾ ಕಿಸಕ್ಕೆಂದ. ಪ್ರೇಮಾವತಿ ಎದ್ದು, “ಹಾಜರ್, ಮಾಷ್ಟ್ರೆ,” ಎಂದಳು.

ಶಿವನಂಜಯ್ಯ ಮಾಷ್ಟ್ರ ಮೂಗು ಕಟ್ಟಿ ವಾರ ಕಳೆದಿತ್ತು. ಅವರ ಬಾಯಲ್ಲಿ ‘ಮ’ ಎಲ್ಲ ‘ಬ’ ಆಗಿತ್ತು, ‘ನ’ ಎಲ್ಲ ‘ದ’. ಅವರು ಘಟ್ಟದ ಮೇಲಿನವರು, ತುಳು ಬಾರದವರು. ವೇಣೂರಿನ ಹೊಳೆಯಿಂದ ಏಳುವ ಚಳಿಗಾಲದ ಮಂಜು ನೇರ ಅವರ ಹಣೆಯೊಳಗೇ ಹೋಗಿ ಕೂತಿತ್ತು. ಬಗ್ಗಿದರೆ ತಲೆಯಲ್ಲಿ ಕಲ್ಲು ಉರುಳಿದ ಹಾಗೆ ಆಗುತ್ತದಂತೆ.

“ಈ ಊರು ದದಗಾಗಲ್ಲ. ಟ್ರಾದ್ಸ್‌ಫರ್ ಕೇಳ್ತೀದಿ,” ಎಂದು ಅವರು ಹಣೆ ಒತ್ತಿಕೊಂಡರು.

ಎಲ್ಲರೂ ನಕ್ಕರು. ಪ್ರೇಮಾವತಿಗೆ ನಗು ಬರಲಿಲ್ಲ. ಲೆಕ್ಕ ತಪ್ಪಿದರೆ ಬೆತ್ತ ಎತ್ತದೆ, “ಇನ್ನೊಂದ್ಸಲ ನೋಡು,” ಎನ್ನುವವರು ಆ ಶಾಲೆಯಲ್ಲಿ ಇವರೊಬ್ಬರೇ.

ಮನೆಯಲ್ಲಿ ಅಜ್ಜಿ ಸೇಸಮ್ಮ ಎಲ್ಲ ಕೇಳಿದರು. “ಮೂಗು ಕಟ್ಟಿದ್ದಕ್ಕೆ ಊರು ಬಿಡುವುದಾ? ಒಳ್ಳೆ ಮಾಷ್ಟ್ರು!” ಎಂದು ತುಳುವಿನಲ್ಲಿ ನಕ್ಕರು. ಬೇಲಿಯ ನೆಕ್ಕಿ ಸೊಪ್ಪು ಕೊಯ್ದು, ಅರೆದು, ಬಾಳೆಲೆಯಲ್ಲಿ ಕಟ್ಟಿಕೊಟ್ಟರು. “ಇದನ್ನು ಹಣೆಗೆ ಹಚ್ಚಲಿ. ರಾತ್ರಿ ಇದೇ ಸೊಪ್ಪು ಹಾಕಿ ನೀರು ಕುದಿಸಿ, ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳಲಿ.”

ಅಷ್ಟನ್ನೂ ಕನ್ನಡದಲ್ಲಿ ಹೇಳಬೇಕಲ್ಲ! ಬೆಳಿಗ್ಗೆ ಪ್ರೇಮಾವತಿ ಶಾಲೆಯ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ಮಾಷ್ಟ್ರ ಎದುರು ನಿಂತದ್ದೇ ತಡ, ಎಲ್ಲ ಹಾರಿಹೋಯಿತು. ಉಳಿದದ್ದು ಸೊಪ್ಪಿನ ತುಳು ಹೆಸರೊಂದೇ. ಬಾಳೆಲೆ ಬಿಚ್ಚಿ ಹಿಡಿದಳು.

“ಮಾಷ್ಟ್ರೆ... ನೆಕ್ಕಿ.”

ಮಾಷ್ಟ್ರು ಹಸಿರು ಮುದ್ದೆಯನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ, ಕಣ್ಣು ಮುಚ್ಚಿ ನಾಲಗೆ ಚಾಚಿ ನೆಕ್ಕಿಯೇಬಿಟ್ಟರು!

ಅವರ ಮುಖ ಹಾಗಲಕಾಯಿಯ ಹಾಗೆ ಸುರುಟಿತು. “ಬದ್ದಲ್ವಾ, ಕಹಿ ಇರಲೇಬೇಕು,” ಎಂದು ಇನ್ನೊಮ್ಮೆ ನೆಕ್ಕಿದರು.

ಹಣೆಗೆ ಹಚ್ಚುವ ಮದ್ದು ಎಂದು ಇಡೀ ಕ್ಲಾಸಿಗೆ ಗೊತ್ತಿತ್ತು. ಹನೀಫಾ ನಗು ತಡೆಯಲಾರದೆ ಬೆಂಚಿನಡಿಗೆ ಹೋದ.

ಸಂಜೆ ಅಜ್ಜಿ ಕೇಳಿದರು, “ಹಚ್ಚಿದರಾ?”

ಪ್ರೇಮಾವತಿ ಗಂಜಿಯ ಬಟ್ಟಲಿಗೆ ಮುಖ ಬಗ್ಗಿಸಿ, “ಹೂಂ,” ಎಂದಳು.

“ಹಾಗಾದರೆ ನಾಳೆಯೂ ಕೊಂಡುಹೋಗು!”

ಮರುದಿನ ಕಟ್ಟು ಕಂಡದ್ದೇ ಮಾಷ್ಟ್ರು ಪಾಪ, ಉಸಿರು ಬಿಗಿಹಿಡಿದು, ನಾಲಗೆ ಹೊರಗೆ ತೆಗೆದು ಸಿದ್ಧರಾದರು.

“ನೆಕ್ಕಬೇಡಿ ಮಾಷ್ಟ್ರೆ!” ಪ್ರೇಮಾವತಿಗೆ ಅಳುವೇ ಬಂತು. “ನೆಕ್ಕಿ ಅಂದರೆ ಸೊಪ್ಪಿನ ಹೆಸರು. ಹಣೆಗೆ ಹಚ್ಚುವುದು. ಹಬೆ ತೆಗೆದುಕೊಳ್ಳುವುದೂ ಉಂಟು.”

ಮಾಷ್ಟ್ರು ನಾಲಗೆ ಒಳಗೆ ಎಳೆದುಕೊಂಡರು. “ದಿದ್ದೆ ಯಾಕೆ ಹೇಳ್ಲಿಲ್ಲ?”

“ನೀವು ಆಗಲೇ ನೆಕ್ಕಿ ಆಗಿತ್ತು, ಮಾಷ್ಟ್ರೆ.”

ಆ ದಿನವಿಡೀ ಅವರು ಹಸಿರು ಹಣೆ ಹೊತ್ತುಕೊಂಡೇ ಭೂಗೋಳ ಪಾಠ ಮಾಡಿದರು.

ಸೋಮವಾರ ಹಾಜರಿ ಕರೆದರು. “ಪ್ರೇಮಾವತಿ!”

‘ಮ’ ಗಂಟೆ ಬಾರಿಸಿದ ಹಾಗೆ ಕೇಳಿತು.

“ನಿಮ್ಮ ನೆಕ್ಕಿ ಅಂದ್ರೆ ಲಕ್ಕಿ ಸೊಪ್ಪು ಕಣ್ರೋ, ನಮ್ಮೂರ ಬೇಲಿಯಲ್ಲೂ ಇದೆ!” ಎಂದರು ಮಾಷ್ಟ್ರು. “ಮೂಗು ಬಿಟ್ಟ ಮೇಲೆ ವಾಸನೆಯಲ್ಲಿ ಗೊತ್ತಾಯ್ತು.” ಟ್ರಾನ್ಸ್‌ಫರಿನ ಮಾತೇ ಬರಲಿಲ್ಲ.

ಹನೀಫಾ ಎದ್ದುನಿಂತ. “ಗೊತ್ತಿಲ್ಲದೆ ಮತ್ತೆ ಯಾಕೆ ನೆಕ್ಕಿದ್ದು, ಮಾಷ್ಟ್ರೆ?”

“ಪ್ರೇಮಾವತಿ ಹೇಳಿದ್ಲಲ್ಲ,” ಎಂದು ಅವರು ಮುಂದಿನ ಹೆಸರು ಕರೆದರು.

ಕ್ಲಾಸು ನಕ್ಕಿತು. ಪ್ರೇಮಾವತಿ ಮಾತ್ರ ಆ ದಿನ ಹಾರಿಹೋಗಿದ್ದ ಕನ್ನಡ ಮಾತನ್ನು ಒಂದು ಪದವನ್ನೂ ಬಿಡದೆ ಮನಸ್ಸಿನಲ್ಲೇ ಹೇಳಿಕೊಂಡಳು.