ಒಂದು ಚಾಪೆಯಗಲ

ನವೆಂಬರ್ 14, ಬೆಳಿಗ್ಗೆ 9.20. ಅಕಿತಾನಿ ಠಾಣೆಗೆ ಮಿನೆಗಿಶಿ ಕನಾಯೆ ಎಂಬ ಹೆಂಗಸು ಏದುಸಿರು ಬಿಡುತ್ತ ಬಂದರು. ಮಾರಾಟಕ್ಕಿದ್ದ ಹಳೆಯ ಮನೆಯೊಂದನ್ನು ಆಗಷ್ಟೇ ನೋಡಿ ಬಂದಿದ್ದರು. ನೂರಿಪ್ಪತ್ತು ವರ್ಷದ ತೊಲೆಗಳು, ಕಾಗದದ ಜಾರುಬಾಗಿಲುಗಳು. ಒಳಗೆ ಹೊಸ ಅಡುಗೆಮನೆ, ಕಾಲಿಟ್ಟರೆ ಬೆಚ್ಚಗಾಗುವ ನೆಲ.

"ಪಿಯಾನೊ ಇಡೋಕೆ ಅಳತೆ ತಗೊಂಡೆ ಸಾರ್. ಹೊರಗಿನದಕ್ಕಿಂತ ಒಳಗೆ ಒಂದು ಚಾಪೆಯಗಲ ಕಮ್ಮಿ ಬಂತು. ಹಿಂದಿನ ಗೋಡೆ ತಟ್ಟಿದ್ರೆ ಟೊಳ್ಳು."

"ಗೋಡೆ ಟೊಳ್ಳಿದ್ರೆ ಬಡಗಿ ಹತ್ರ ಹೋಗ್ಬೇಕಮ್ಮ," ಪೇದೆ ನೀಮಿ ನಕ್ಕ.

"ಹಲಗೆ ಸಂದಿಗೆ ಟಾರ್ಚ್ ಬಿಟ್ಟೆ. ಕೂದಲು ಕಾಣಿಸ್ತು."

ನೀಮಿಯ ನಗು ಅಲ್ಲೇ ಸತ್ತಿತು.

10.45ಕ್ಕೆ ಇಬ್ಬರು ಪಂಚರ ಎದುರು ಹಲಗೆ ಕಿತ್ತರು. ಇನ್‌ಸ್ಪೆಕ್ಟರ್ ಕುವಾಬಾರಾ ಮೊದಲು ಬಗ್ಗಿ ನೋಡಿದರು. ಬಿಳಿ ಬಟ್ಟೆಯ ಮೇಲೆ ಮೂಳೆಗಳನ್ನು ಒಂದೊಂದಾಗಿ ಜೋಡಿಸಿ ಮಲಗಿಸಲಾಗಿತ್ತು. ತಲೆಬುರುಡೆಗಂಟಿದ ಕೂದಲನ್ನು ಯಾರೋ ಬಾಚಿದ್ದರು. ಎಡ ಮುಂಗೈ ಮೂಳೆಗೆ, ಮುರಿದದ್ದನ್ನು ಕೂಡಿಸಲು ವೈದ್ಯರು ಬಿಗಿಯುವಂಥ ಲೋಹದ ಪಟ್ಟಿ.

ಹಳೆಯ ಕಡತದಲ್ಲಿದ್ದ ಆ ಲೋಹದ ಪಟ್ಟಿಯ ವಿವರ ಕುವಾಬಾರಾಗೆ ಬಾಯಿಪಾಠವಾಗಿತ್ತು. ಶಿಗೆನೊ ತಾಯೆಕೊ, 34, ಇದೇ ಮನೆಯ ಸೊಸೆ. 1998ರ ಮೇ ತಿಂಗಳಲ್ಲಿ ಕಾಣೆಯಾದವಳು. ಹೊಸ ಪೇದೆಯಾಗಿ ಅವಳನ್ನು ಹುಡುಕಿದ್ದು ಇವರೇ. ಔಷಧಿ ಮಾರುವವನ ಜತೆ ಓಡಿಹೋದಳೆಂದು ಊರು ಹೇಳಿತ್ತು, ಇವರೂ ನಂಬಿದ್ದರು. ಹುಡುಕುವಾಗ ಇದೇ ಮನೆಯ ಹಜಾರದಲ್ಲಿ ಕೂತು ಚಹಾ ಕುಡಿದಿದ್ದರು.

ಮಧ್ಯಾಹ್ನ ಮನೆ ಮಾರುವ ದಲ್ಲಾಳಿಯ ಹೇಳಿಕೆ ಪಡೆದರು.

"ಈ ವರ್ಷ ರಿಪೇರಿ ಮಾಡಿದ್ದು ಯಾರು?"

"ಬಡಗಿ ತೊಗಾಶಿ ಇವಾವೊ. ತಾನೇ ಬಂದು ಕೆಲಸ ಕೇಳಿದ. ಹಿಂದಿನ ಗೋಡೆ ಹತ್ರ ಮಾತ್ರ ಯಾರನ್ನೂ ಬಿಟ್ಕೊಳ್ಲಿಲ್ಲ."

3.10ಕ್ಕೆ ಜೀಪು ತೊಗಾಶಿಯ ಮರಗೆಲಸದ ಕೊಟ್ಟಿಗೆಯ ಮುಂದೆ ನಿಂತಿತು. ಅವನು ಉಳಿ ಮಸೆಯುತ್ತಿದ್ದ. ಇವರನ್ನು ಕಂಡು ಉಳಿ ಒರೆಸಿಟ್ಟು ಎದ್ದು ನಿಂತ.

ಠಾಣೆಯಲ್ಲಿ ವಿಚಾರಣೆ ಉದ್ದವಾಗಲಿಲ್ಲ.

"ಕೊಂದಿದ್ದು ನೀನಾ?"

"ಆಗ ಅದೇ ಮನೇಲಿ ತೊಲೆ ಏರಿಸ್ತಿದ್ದೆ. ಹಗ್ಗ ನಾನೇ ಕಟ್ಟಿದ್ದು. ತಾಯೆಕೊ ಅಕ್ಕ ಚಹಾ ತಂದ್ರು. ಹಗ್ಗ ಜಾರ್ತು, ತೊಲೆ ಅವರ ಮೇಲೆ ಬಿತ್ತು." ತೊಗಾಶಿ ತನ್ನ ಅಂಗೈ ನೋಡಿಕೊಂಡ. "ಮನೇಲಿ ಬೇರೆ ಯಾರೂ ಇರ್ಲಿಲ್ಲ. ಕೆಲಸ ಕಲಿಸಿದ ನಮ್ಮಪ್ಪ ಮುಂದಿನ ವಾರ ನನ್ನನ್ನ ಮೇಸ್ತ್ರಿ ಮಾಡೋರಿದ್ರು. ಮಣ್ಣಿನ ನೆಲದಲ್ಲಿ ಹೂತೆ."

"ಈಗ ಯಾಕೆ ತೆಗೆದೆ?"

"ನೆಲದಡಿ ಬಿಸಿನೀರಿನ ಕೊಳವೆ ಹಾಕ್ಬೇಕಿತ್ತು ಸಾರ್. ಅವರ ಮೈಮೇಲೆ ಹಾಯಿಸೋಕೆ ಕೈ ಬರ್ಲಿಲ್ಲ."

ನೀಮಿ ಬರೆಯುವುದನ್ನು ನಿಲ್ಲಿಸಿದ. ಕುವಾಬಾರಾ ಕೇಳಿದರು: "ಓಡಿಹೋದ್ಲು ಅಂತ ಊರೆಲ್ಲ ಆಡ್ಕೊಳ್ವಾಗ ಸುಮ್ನಿದ್ಯಾ?"

"ಸುಮ್ನಿರ್ಲಿಲ್ಲ ಸಾರ್. ಮೊದಲು ಹೇಳಿದ್ದೇ ನಾನು."

ಸಂಜೆ 5.40ಕ್ಕೆ ಬಂಧನ ದಾಖಲಾಯಿತು. ಕೈತಪ್ಪಿನಿಂದಾದ ಹಳೆಯ ಸಾವಿಗೆ ಮೊಕದ್ದಮೆ ಹೂಡುವ ಕಾನೂನಿನ ಅವಧಿ ಮುಗಿದಿತ್ತು. ಈ ವರ್ಷ ಶವವನ್ನು ಗೋಡೆಯಲ್ಲಿ ಬಚ್ಚಿಟ್ಟ ಆರೋಪವಷ್ಟೇ ಎಫ್‌ಐಆರ್‌ನಲ್ಲಿ ಉಳಿಯಿತು. ಇಪ್ಪತ್ತೊಂದು ವರ್ಷದ ಕೆಳಗೆ ಒಬ್ಬ ಮಗ ಅಪ್ಪನೆದುರು ತಲೆತಗ್ಗಿಸಲು ಹೆದರಿದ್ದ, ಅಷ್ಟೇ.

ಓಡಿಹೋದವಳ ತಾಯಿ ಎನ್ನಿಸಿಕೊಂಡು ಅಂದಿನಿಂದ ಪೇಟೆಗೆ ಮುಖ ತೋರಿಸದ ಮುದುಕಿ ಕೆಳಬೀದಿಯಲ್ಲಿ ಇನ್ನೂ ಬದುಕಿದ್ದಳು. ಅವಳಿಗೆ ವಿಷಯ ತಿಳಿಸಲು ಕುವಾಬಾರಾ ಬೇರೆಯವರನ್ನು ಕಳಿಸಲಿಲ್ಲ.