ಎರಡು ಪಟ, ಒಂದೇ ಎಡೆ

ಇನ್ನೊಬ್ಬರ ಮನೆಯ ನೋವನ್ನು ಹೇಳಲು ನಾನು ಯಾರು ಎಂಬ ಅಳುಕು ಇನ್ನೂ ಹೋಗಿಲ್ಲ. ಓದುಗರು ಕ್ಷಮಿಸಬೇಕು. ಎಲ್ಲಾದರೂ ಒಬ್ಬರ ಪಕ್ಷ ವಹಿಸಿದಂತೆ ಕಂಡರೆ ಅದು ನನ್ನ ಬರವಣಿಗೆಯ ಕೊರತೆ, ಆ ಇಬ್ಬರು ಹಿರಿಯ ಹೆಂಗಸರ ತಪ್ಪಲ್ಲ.

"ಇದ್ಯಾರಮ್ಮೀ?... ಈ ಪಟದಾಗಿರೋನು ಯಾರು?"

ಕೇಳಿದವಳು ದೇವಿರಮ್ಮ. ಅಂದು ಪಿತೃಪಕ್ಷದ ಅಮಾವಾಸ್ಯೆ. ಮಳವಳ್ಳಿಯ ಅಂಚಿನಲ್ಲಿ ಚಂದನ ಎಂಬಾಕೆ ನಡೆಸುವ ಪುಟ್ಟ ವೃದ್ಧರ ಮನೆಯಲ್ಲಿ, ಅಲ್ಲಿರುವವರೆಲ್ಲ ಸೇರಿ ತಮ್ಮ ತಮ್ಮ ಸತ್ತವರಿಗೆ ಒಂದೇ ಎಡೆ ಇಡುವುದು ವಾಡಿಕೆ. ಸಣ್ಣತಾಯಮ್ಮ ಆಗಲೇ ತನ್ನ ಗಂಡನ ಪಟ ಒರೆಸಿ ಬಾಳೆಲೆಯ ಮುಂದೆ ಇಟ್ಟಿದ್ದಳು. ಅದರ ಪಕ್ಕದಲ್ಲೇ ತನ್ನ ಗಂಡನ ಪಟ ಇಡಲು ಬಾಗಿದ ದೇವಿರಮ್ಮ ಹಾಗೆಯೇ ನಿಂತುಬಿಟ್ಟಳು. ಒಂದರಲ್ಲಿ ಪೇಟ, ಇನ್ನೊಂದರಲ್ಲಿ ಖಾಕಿ ಅಂಗಿ. ಆದರೆ ಮುಖ ಒಂದೇ... ಮರಿಸಿದ್ದಯ್ಯ!

ಮರಿಸಿದ್ದಯ್ಯನಿಗೆ ಶಿವನಸಮುದ್ರದ ಕರೆಂಟು ಕೇಂದ್ರದಲ್ಲಿ ಕೆಲಸ. ಸ್ವಂತ ಊರು ಕೊಪ್ಪದಲ್ಲಿ ಕೈಹಿಡಿದ ಹೆಂಡತಿ ದೇವಿರಮ್ಮ, ಮಗ ಶಿವರಾಮು. ಕೆಲಸದ ಊರಿನಲ್ಲಿ ಅವನಿಗೆ ಇನ್ನೊಬ್ಬಳಿದ್ದಾಳೆಂದು ದೇವಿರಮ್ಮನಿಗೆ ಗೊತ್ತಿತ್ತು. ಮುಖ ನೋಡಿರಲಿಲ್ಲ, ಹೆಸರು ಕೇಳಲು ಮನಸ್ಸೊಪ್ಪಿರಲಿಲ್ಲ. ಆ ಕಾಣದವಳಿಗೆ ಶಾಪ ಹಾಕುತ್ತಲೇ ಗದ್ದೆಗೆ ನೀರು ಕಟ್ಟಿದಳು, ಡೇರಿಗೆ ಹಾಲು ಹೊತ್ತಳು, ಮಗನನ್ನು ಬೆಳೆಸಿದಳು. ಸೊಂಟ ಮುರಿದ ಮೇಲೆ ಆ ಮಗನೇ ತಂದು ಇಲ್ಲಿ ಸೇರಿಸಿದ. ಆಮೇಲೆ ಅದೇ ಕೋಣೆಗೆ ಬಂದವಳು ಸಣ್ಣತಾಯಮ್ಮ. ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ಇಬ್ಬರಿಗೂ ಇಲ್ಲ, ಪಟಗಳು ಅಂದಿನವರೆಗೂ ಪೆಟ್ಟಿಗೆಯಲ್ಲೇ ಇದ್ದವು. ಅಕ್ಕಯ್ಯ ಅಕ್ಕಯ್ಯ ಎನ್ನುತ್ತ ದೇವಿರಮ್ಮನನ್ನು ಬಚ್ಚಲಿಗೆ ನಡೆಸಿದಳು, ಬೆನ್ನುಜ್ಜಿದಳು, ಕೆಮ್ಮಿದರೆ ಎದ್ದು ಕುಳಿತಳು. "ಯಾವ ಜನ್ಮದ ತಂಗಿಯೋ ಕಣಮ್ಮಿ ನೀನು" ಎಂದು ಅದೇ ದೇವಿರಮ್ಮ ಕಣ್ಣೊರೆಸಿಕೊಂಡಿದ್ದಳಲ್ಲ!

ಹಬ್ಬದ ಎಡೆಗೆಂದು ಕುರಿ ಬಾಡು ತಂದಿದ್ದ ಶಿವರಾಮು ಪಟ ನೋಡಿ ಕೆಂಡವಾದ. ಏನಾಗುವುದೋ ಎಂದು ಹೆದರಿದ ಚಂದನ ಗಡಿಬಿಡಿಯಲ್ಲಿ ಧೂಪ ಹಾಕಿ, "ಎಲ್ಲಾ ಆಚೆ ನಡೀರಿ, ಇರೀಕರು ಉಣ್ಣೋ ಹೊತ್ತು" ಎಂದು ಬಾಗಿಲು ಮುಚ್ಚಿದಳು. ಬಾಗಿಲು ಮುಚ್ಚಿದ ಮೇಲೆ ಹೊರಗಿನವರು ದನಿ ಎತ್ತಬಾರದು. ಎತ್ತಿದರೆ ಸತ್ತವರು ಅರ್ಧಕ್ಕೇ ಎದ್ದುಹೋಗುತ್ತಾರೆಂಬ ನಂಬಿಕೆ. ಒಂದು ಬಾಳಿನ ಜಗಳವೆಲ್ಲ ಆ ಜಗಲಿಯ ಮೇಲೆ ಪಿಸುಮಾತಿನಲ್ಲೇ ನಡೆಯಬೇಕಾಯಿತು!

"ಇವಳ ಕೈಲಾ ನಮ್ಮವ್ವನ ಬೆನ್ನು ಉಜ್ಜುಸಿದ್ದು? ಈಗ್ಲೇ ಗಂಟುಮೂಟೆ ಕಟ್ಸಿ!" ಶಿವರಾಮು ಚಂದನಳ ಮೇಲೆ ಹಲ್ಲು ಕಡಿದ.

"ಮೆಲ್ಲುಕ್ ಮಾತಾಡ್ಲಾ. ಒಳಗೆ ನಿಮ್ಮಪ್ಪ ಉಣ್ತಾವ್ನೆ," ದೇವಿರಮ್ಮ ಗದರಿದಳು.

"ಉಣ್ಲಿ ಬುಡು! ಇದ್ದಾಗ್ಲೂ ಎರಡು ಮನೇಲಿ ಉಂಡೋನು!"

"ಅಂಗಾದ್ರೆ ಒಂದೆಲೆ ಸಾಲಾಕಿಲ್ಲ ಕಣ್ಲಾ," ಎಂದ ಮೂಲೆಯಲ್ಲಿ ಕುಳಿತಿದ್ದ ಕೆಂಪಯ್ಯ, ಆ ಮನೆಯ ಇನ್ನೊಬ್ಬ ಮುದುಕ.

ದೇವಿರಮ್ಮ ಸಣ್ಣತಾಯಮ್ಮನ ಕಡೆ ತಿರುಗಿದಳು. "ಯಾವ ಬಾಯಲ್ಲಿ ಅಕ್ಕಯ್ಯ ಅಂದ್ಯೇ ನನ್ನ?"

"ಇರಾದೊಂದೇ ಬಾಯಿ, ಅಕ್ಕಯ್ಯ..."

"ಈ ಮಗ ಜ್ವರ ಬಂದು ಒದ್ದಾಡ್ತಿದ್ದಾಗ ಬಾಗ್ಲಲ್ಲೇ ಕೂತು ದಾರಿ ಕಾದೆ. ಬರ್ನಿಲ್ಲ. ನಿನ್ ಮಗ್ಗುಲಲ್ಲಿದ್ದ!"

ಸಣ್ಣತಾಯಮ್ಮ ಸೆರಗು ಕಚ್ಚಿ ಬಿಕ್ಕಿದಳು. "ಇರ್ನಿಲ್ಲ ಅಕ್ಕಯ್ಯ... ಮಗೀಗೆ ಜ್ವರ, ಕೊಪ್ಪಕ್ಕೋಯ್ತೀನಿ ಅಂತ ಎದ್ದೋದ. ಜ್ವರ ಬುಡ್ಲಿ ಅಂತ ನಾನೇ ಮಾದಪ್ಪಂಗೆ ಅರಕೆ ಕಟ್ಕಂಡಿದ್ದೆ."

ಅಯ್ಯೋ... ಹಾಗಾದರೆ ಅವನು ಈ ಮನೆಯಲ್ಲೂ ಇರಲಿಲ್ಲ, ಆ ಮನೆಯಲ್ಲೂ ಇರಲಿಲ್ಲ! ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡಿದರು. ಒಳಗೆ ಉಣ್ಣುತ್ತಿದ್ದವನು ಯಾರೆಂಬುದೇ ಆ ಕ್ಷಣ ಇಬ್ಬರಿಗೂ ತಿಳಿಯದೆ ಹೋಯಿತು.

"ಓಯ್ತೀನಿ ಕಣಪ್ಪ," ಎಂದು ಸಣ್ಣತಾಯಮ್ಮ ಎದ್ದಳು. "ಎಲ್ಲಿಗೆ ಅಂತ ಮಾತ್ರ ಕೇಳ್ಬ್ಯಾಡ."

"ಕೂತ್ಕೊಳ್ಳೇ," ಎಂದಳು ದೇವಿರಮ್ಮ.

ಶಿವರಾಮು ಜಗಲಿಯಿಂದ ಇಳಿದು ನಿಂತ. "ಅವ್ವಾ, ಇವಳಿಲ್ಲಿದ್ರೆ ನಾನೀ ಒಸ್ಲು ತುಳಿಯಾಕಿಲ್ಲ. ಯೋಚ್ನೆ ಮಾಡು."

"ಮಾಡ್ದೆ ಕಣ್ಲಾ. ಇವಳು ಮಾಡಿದ್ದ ಮರೆಯಾಕಾಗಲ್ಲ, ಸಾಯೋಗಂಟ ಆಗಲ್ಲ. ಆದ್ರೆ ಬೀದಿಗಾಕು ಅನ್ನಾಕೆ ನನ್ನ ನಾಲ್ಗೆ ಏಳಾಕಿಲ್ಲ. ಬೀದಿ ಏನು ಅಂತ ನಂಗೊತ್ತು, ಗಂಡ ಇದ್ದೂ ಬೀದೀಲಿ ನಿಂತೋಳು ನಾನು... ಉಂಡ್ಕೊಂಡು ಓಗು ಮಗ."

ಅವನು ಉಣ್ಣಲಿಲ್ಲ. ಹಿರಿಯರ ಎಡೆ ಬಿಟ್ಟು ಹಸಿದ ಹೊಟ್ಟೆಯಲ್ಲೇ ಬೈಕು ಹತ್ತಿದ. ಒಮ್ಮೆ ಕೂಗಿದ್ದರೆ ಹಿಂದಿರುಗುತ್ತಿದ್ದನೇನೋ! ದೇವಿರಮ್ಮ ಕೂಗಲಿಲ್ಲ. ಬಾಗಿಲು ತೆರೆದ ಮೇಲೆ ಎಡೆಯ ಅನ್ನವನ್ನು ತಾನೇ ಪಾಲು ಮಾಡಿ, ಮುಖ ನೋಡದೆ, ಸಣ್ಣತಾಯಮ್ಮನ ಕಡೆ ತಳ್ಳಿದಳು.

ಇಬ್ಬರೂ ಈಗಲೂ ಅದೇ ಕೋಣೆಯಲ್ಲಿದ್ದಾರೆ. ಕೆಲವು ದಿನ ಮಾತಿರುತ್ತದೆ, ಕೆಲವು ದಿನ ಇಲ್ಲ. ರಸ್ತೆಯಲ್ಲಿ ಬೈಕಿನ ಸದ್ದಾದರೆ ದೇವಿರಮ್ಮ ಕತ್ತೆತ್ತುತ್ತಾಳೆ. ಎದ್ದು ಹೋಗಿ ನೋಡಿ ಬರುವವಳು ಸಣ್ಣತಾಯಮ್ಮ. "ಅವನಲ್ಲ ಅಕ್ಕಯ್ಯ" ಎನ್ನುತ್ತಾಳೆ. ಶಿವರಾಮು ಎಂದಾದರೂ ಬರುತ್ತಾನೆಯೇ? ನನಗೆ ಗೊತ್ತಿಲ್ಲ.